ಸಂಬೋಧನೆ: ಅಕ್ಕ

ಏಳು ವರ್ಷದಿಂದ ಮಾತು ಬಿಟ್ಟಿದ್ದ ತಮ್ಮನ ಫೋನ್ ಬಂದದ್ದು ಒಂದು ಮಂಗಳವಾರ ಮಧ್ಯಾಹ್ನ. ಅವಳು ಲ್ಯಾಬಿನ ಹಿಂದಿನ ಕೋಣೆಯಲ್ಲಿ ಊಟದ ಡಬ್ಬಿ ತೊಳೆಯುತ್ತಿದ್ದಳು. ನಂಬರು ಹೊಸದು. “ಹಲೋ” ಎಂದ ಧ್ವನಿ ಮಾತ್ರ ಹಳೆಯದು. ಅರ್ಧ ಮೂಗಿನಿಂದ, ಅರ್ಧ ಗಂಟಲಿನಿಂದ ಹೊರಡುವ, ಹುಟ್ಟಿದಾಗಿನಿಂದ ನೆಗಡಿ ಬಿಟ್ಟೇ ಇಲ್ಲವೇನೋ ಅನ್ನಿಸುವ ಧ್ವನಿ. ಅವಳು ನಲ್ಲಿ ನಿಲ್ಲಿಸಿದಳು.

ಅವಳದು ರಕ್ತ ತೆಗೆಯುವ ಕೆಲಸ. ಬೆಳಿಗ್ಗೆ ಆರಕ್ಕೆ ಐಸ್ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ಹೊರಟರೆ ಹತ್ತರೊಳಗೆ ಹನ್ನೊಂದು ಹನ್ನೆರಡು ಮನೆ ಮುಗಿಸಿ, ಟ್ಯೂಬುಗಳನ್ನು ಲ್ಯಾಬಿಗೆ ಒಪ್ಪಿಸುತ್ತಿದ್ದಳು. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ, ಇದೇ ವಾರ್ಡು. ಬೀದಿಯ ಜನರನ್ನು ಅವಳು ಮುಖಕ್ಕಿಂತ ತೋಳಿನಿಂದಲೇ ಬೇಗ ಗುರುತು ಹಿಡಿಯುತ್ತಿದ್ದಳು. ಯಾರ ನರ ಮೊದಲ ಸಲಕ್ಕೇ ಸಿಗುತ್ತದೆ, ಯಾರದು ಸೂಜಿ ಕಂಡೊಡನೆ ಒಳಗೆ ಅಡಗಿ ಕೂರುತ್ತದೆ, ಮೀಸೆ ತಿರುವುವ ಯಾವ ಯಜಮಾನರು ಗೋಡೆ ಕಡೆ ಮುಖ ಮಾಡಿ ಹೆಂಡತಿಯ ಕೈ ಹಿಡಿದುಕೊಳ್ಳುತ್ತಾರೆ, ಎಲ್ಲವೂ ಗೊತ್ತು. ಅವರಿಗೆಲ್ಲ ಅವಳು ಸೂಜಿಯಕ್ಕ.

ತಮ್ಮ ಪೇಂಟ್ ಅಂಗಡಿ ಇಟ್ಟಿದ್ದ. ಚಿಕ್ಕಂದಿನಿಂದ ಮಾತು ಕಮ್ಮಿ. ಮನೆಯಲ್ಲಿ ಎಲ್ಲರೂ ಗುಮ್ಮ ಅಂತಲೇ ಕರೆಯುತ್ತಿದ್ದರು. ಅಂಥ ಗುಮ್ಮ ಬಾಯಿಬಿಟ್ಟು ಆಡಿದ ಒಂದೇ ಒಂದು ಮಾತಿನಿಂದ ಅಕ್ಕ ತಮ್ಮನ ಸಂಬಂಧ ಮುರಿದಿತ್ತು. ತಾಯಿ ಮೂತ್ರಪಿಂಡ ಕೆಟ್ಟು, ನಾಲ್ಕು ವರ್ಷ ಮಗಳ ಮನೆಯಲ್ಲಿದ್ದು ತೀರಿಕೊಂಡರು. ನೆಂಟರೆಲ್ಲ ಕುಳಿತಿದ್ದ ಹೊತ್ತಿನಲ್ಲಿ ತಮ್ಮ, “ಲ್ಯಾಬಿನಲ್ಲೇ ಇರೋಳು ನೀನು, ಕಾಯಿಲೆ ಇಷ್ಟು ಏರಿದೆ ಅಂತಾನೂ ಗೊತ್ತಾಗ್ಲಿಲ್ವಾ?” ಎಂದುಬಿಟ್ಟ. ಚಿಕ್ಕಪ್ಪ ಒಬ್ಬರು ಕೆಮ್ಮಿದರು, ಅಷ್ಟೆ. ಅವಳು ಎದ್ದು ಒಳಗೆ ಹೋದವಳು ಅವನ ಜೊತೆ ಮತ್ತೆ ಮಾತಾಡಲಿಲ್ಲ. ಮದುವೆ ಮನೆಗಳಲ್ಲಿ ಎದುರಾದರೆ ಇಬ್ಬರೂ ಒಬ್ಬರ ಭುಜದ ಮೇಲಿಂದ ಇನ್ನೊಬ್ಬರು ಯಾರನ್ನೋ ಹುಡುಕುವವರ ಹಾಗೆ ನೋಡುತ್ತಿದ್ದರು.

ಈಗ ಆ ಗುಮ್ಮ ನಗರಸಭೆಯ ಚುನಾವಣೆಗೆ ನಿಂತಿದ್ದ. ಅಂಗಡಿಕಾರರ ಸಂಘದವರು ಹಿಡಿದು ನಿಲ್ಲಿಸಿದ್ದರು. ಅವಳು ಅವನಿಗೆ ಓಟು ಹಾಕುವವಳಿರಲಿಲ್ಲ. ಎದುರಿಗೆ ನಿಂತಿದ್ದವರು ಆಸ್ಪತ್ರೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ನರ್ಸು. ಇವಳಿಗೆ ಮಕ್ಕಳ ತೋಳಿನಲ್ಲಿ ನರ ಹುಡುಕುವುದನ್ನು ಕಲಿಸಿದ್ದೇ ಆಕೆ. “ನಿಮಗೇ ಹಾಕೋದು ಸಿಸ್ಟರ್, ನಮ್ಮನೆಯ ಎರಡೂ ಓಟು ನಿಮ್ಮವೇ” ಎಂದು ಮಾತು ಕೊಟ್ಟೂ ಆಗಿತ್ತು.

“ಅಕ್ಕಾ, ಹೇಗಿದ್ದೀರಾ?” ಎಂದಿತು ಫೋನು.

ಅವಳಿಗೆ ಮೊದಲು ತಾಗಿದ್ದು ‘ಇದ್ದೀರಾ’. ಹುಟ್ಟಿದಾಗಿನಿಂದ ನೀನು ಅಂತಲೇ ಅಂದವನು ಏಳು ವರ್ಷದಲ್ಲಿ ಇಷ್ಟು ದೂರ ಹೋದನಲ್ಲ ಅನ್ನಿಸಿತು.

“ಏನೋ ಇದು, ಬಹುವಚನ? ನಾನೇನು ನಿನ್ನ ಗಿರಾಕಿಯಾ?”

“ತಪ್ಪಾಯ್ತು ಅಕ್ಕ. ನೀನು ಅಂತೀನಿ. ಹೇಗಿದ್ದೀಯಾ? ಚುನಾವಣೆಗೆ ನಿಂತಿದ್ದೀನಿ. ಅದಕ್ಕೇ ಫೋನ್ ಮಾಡ್ದೆ ಅಂದ್ಕೋಬೇಡ. ನಿನಗೆ ನನ್ನ ಮೇಲೆ ಏನಾದ್ರೂ ಬೇಸರ ಇದ್ರೆ ಬಿಚ್ಚಿ ಹೇಳು. ನಾನು ಕೇಳಿಸ್ಕೊಳ್ತೀನಿ.”

ಅವಳು ಒದ್ದೆ ಕೈಯಲ್ಲೇ ಸ್ಟೂಲಿನ ಮೇಲೆ ಕುಳಿತಳು. ಹೇಳಬಾರದು ಅಂದುಕೊಂಡೇ ಹೇಳಿದಳು. ನಾಲ್ಕು ವರ್ಷ ಹಾಸಿಗೆ ಬದಲಿಸಿದ್ದು, ಕೆಲಸಕ್ಕೆ ಹೋಗುವಾಗ ಬಾಗಿಲು ಹೊರಗಿನಿಂದ ಹಾಕಿಕೊಂಡು ಹೋಗಬೇಕಾಗಿದ್ದು, ಕೊನೆಯಲ್ಲಿ ಆ ಮಾತು, ಅದೂ ಅಷ್ಟು ಜನರ ಮುಂದೆ. ಆ ಕಡೆಯವನು ನಡುವೆ ಬಾಯಿ ಹಾಕಲಿಲ್ಲ. ಹೂಂ ಅಂದ, ಹೌದಾ ಅಂದ. ಎಲ್ಲ ಮುಗಿದ ಮೇಲೆ ಹೇಳಿದ: “ಆ ಮಾತು ನಾನು ಆಡಬಾರದಿತ್ತು ಅಕ್ಕ. ನೀನು ಮಾಡಿದಷ್ಟು ನಾನು ಮಾಡಲಿಲ್ಲ. ಅದು ಗೊತ್ತಿದ್ದೂ ಹಾಗಂದಿದ್ದು ತಪ್ಪು. ಚುನಾವಣೆ ಮುಗೀಲಿ, ಬಂದು ಕೂತು ಮಾತಾಡ್ತೀನಿ.”

ಫೋನ್ ಇಟ್ಟಾಗ ಹನ್ನೊಂದು ನಿಮಿಷವಾಗಿತ್ತು. ಡಬ್ಬಿಯನ್ನು ಅವಳು ಎರಡನೇ ಸಲ ತೊಳೆದಳು.

ಸಂಜೆ ಗಂಡನಿಗೆ ಹೇಳಿದಳು. ಗಂಡ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ ನಿವೃತ್ತನಾದವನು. ಏನು ಕೊಟ್ಟರೂ ತಿರುಗಿಸಿ ಹಿಂದೆ ಯಾರ ವಿಳಾಸವಿದೆ ಎಂದು ನೋಡುವ ಅಭ್ಯಾಸ ಅವನದು.

“ಗುಮ್ಮ ಹನ್ನೊಂದು ನಿಮಿಷ ಮಾತಾಡಿದ್ನಾ?” ಎಂದ. “ಹೆಣ್ಣು ನೋಡೋಕೆ ಹೋದಾಗ ಒಪ್ಪಿಗೆನಾ ಅಂತ ಕೇಳಿದ್ದಕ್ಕೆ ತಲೆಯಾಡಿಸೇ ಉತ್ತರ ಕೊಟ್ಟೋನು.”

“ಮನುಷ್ಯ ಬದಲಾಗಬಾರದಾ?” ಎಂದು ಅವಳು ಮುಖ ಊದಿಸಿಕೊಂಡಳು.

ಮೂರು ದಿನ ತಡೆದು ಅವಳೇ ಪೇಂಟ್ ಅಂಗಡಿಗೆ ಹೋದಳು. ತಮ್ಮ ಬಣ್ಣ ಕಲೆಸುವ ಯಂತ್ರದ ಮುಂದೆ ನಿಂತಿದ್ದ. ಒಳಗೆ ಡಬ್ಬವೊಂದು ಗಡಗಡ ಅಲುಗುತ್ತಿತ್ತು. ಅವಳನ್ನು ಕಂಡು ಕೈಯಲ್ಲಿದ್ದ ಬಣ್ಣದ ಪಟ್ಟಿಯನ್ನು ಕೆಳಗೆ ಹಾಕಿದ. ಎತ್ತಿಕೊಳ್ಳಲೂ ಮರೆತ.

“ಬಾ ಅಕ್ಕ.”

“ಬಂದೆ.”

ಸ್ಟೂಲು ಒರೆಸಿ ಕೊಟ್ಟ. ಟೀ ತರಿಸಿದ. ಇಬ್ಬರೂ ಲೋಟ ಹಿಡಿದು ಯಂತ್ರದ ಸದ್ದು ನಿಲ್ಲುವವರೆಗೆ ಕುಳಿತರು. ಅವನಿಗೆ ನಾಚಿಕೆ, ಫೋನಿನಲ್ಲಿ ಹೇಳಿದಷ್ಟು ಸುಲಭವೇ ಎದುರಿಗೆ ಹೇಳುವುದು ಎಂದು ಅವಳು ತಿಳಿದುಕೊಂಡಳು.

“ಚುನಾವಣೆ ಮುಗೀಲಿ, ಆಮೇಲೆ ಮಾತಾಡೋಣ” ಎಂದಳು.

“ಹೂಂ” ಎಂದ. ಅವನ ಕಣ್ಣು ಕೆಂಪಗಾಗಿತ್ತು. ಥಿನ್ನರ್ ವಾಸನೆಗೂ ಹಾಗಾಗುತ್ತದೆ.

ಅಂದಿನಿಂದ ಅವಳು ಹೋದ ಮನೆಗಳಲ್ಲೆಲ್ಲ ತಮ್ಮನ ಪರವಾಗಿ ಒಂದು ಮಾತು ಹೇಳತೊಡಗಿದಳು. ಹೆಚ್ಚೇನಿಲ್ಲ. ತೋಳಿಗೆ ರಬ್ಬರ್ ಪಟ್ಟಿ ಬಿಗಿಯುತ್ತಾ, “ನನ್ನ ತಮ್ಮ, ಒಳ್ಳೆಯವನು, ತಪ್ಪಾದರೆ ಒಪ್ಕೊಳ್ಳೋ ಬುದ್ಧಿ ಇದೆ” ಎನ್ನುತ್ತಿದ್ದಳು. ಸೂಜಿ ಹಿಡಿದವರ ಮಾತನ್ನು ಯಾರೂ ಅಲ್ಲಗಳೆಯುವುದಿಲ್ಲ. ನರ್ಸಿನ ಬೀದಿಗೆ ಹೋಗುವ ದಿನ ಮಾತ್ರ ಹಿಂದಿನ ಓಣಿಯಿಂದ ಸುತ್ತಿಕೊಂಡು ಹೋಗುತ್ತಿದ್ದಳು.

ಎಲ್ಲೆಲ್ಲೂ ಒಂದೇ ಸುದ್ದಿ: ಅವರು ಫೋನ್ ಮಾಡಿದ್ದರು. ಶಾಲೆಯ ಹತ್ತಿರದ ಮನೆಯ ಮೇಷ್ಟ್ರು, “ನಿನ್ನ ತಮ್ಮ ಅರ್ಧ ಗಂಟೆ ಮಾತಾಡಿದನಮ್ಮ. ಶಾಲೆ ಮುಂದೆ ಹಂಪ್ ಹಾಕಿಸ್ತೀನಿ ಅಂದ” ಎಂದರು. ರಸ್ತೆಯ ಆಚೆ ಟೈರ್ ಅಂಗಡಿಯವನು ಅಂದೇ, “ನಿಮ್ಮ ತಮ್ಮ ಮಾತು ಕೊಟ್ಟವ್ರೆ ಸೂಜಿಯಕ್ಕ, ಈ ರಸ್ತೆಗೆ ಹಂಪ್ ಬರೋಕೆ ಬಿಡಲ್ಲ ಅಂತ” ಎಂದ. ಒಂದು ಮನೆಯಲ್ಲಿ ಬೀದಿ ನಾಯಿಗಳನ್ನು ಹಿಡಿಸುತ್ತೇನೆ ಎಂದಿದ್ದ. ಪಕ್ಕದ ಮನೆಯಲ್ಲಿ ಅವೇ ನಾಯಿಗಳಿಗೆ ನೀರಿನ ತೊಟ್ಟಿ ಕಟ್ಟಿಸುತ್ತೇನೆ ಎಂದಿದ್ದ. ಇದೆಲ್ಲ ಅವಳಿಗೆ ಸರಿ ಕಾಣಲಿಲ್ಲ. ಆದರೂ ಓಟಿಗೆ ನಿಂತವರು ಯಾರು ತಾನೇ ಎರಡು ನಾಲಿಗೆ ಆಡಿಲ್ಲ ಎಂದು ಸಮಾಧಾನ ಮಾಡಿಕೊಂಡಳು. ತನ್ನ ಹತ್ತಿರ ಆಡಿದ್ದು ಮಾತ್ರ ಒಂದೇ ನಾಲಿಗೆ ಎಂದು ಅವಳಿಗೆ ನಂಬಿಕೆಯಿತ್ತು.

ತಮ್ಮ ಎಂಬತ್ತಮೂರು ಓಟಿನಿಂದ ಗೆದ್ದ.

ಗೆದ್ದ ಮಾರನೆಯ ವಾರದಿಂದ ಪೇಂಟ್ ಅಂಗಡಿಯಲ್ಲಿ ಪೇಂಟ್ ಕೊಳ್ಳುವವರಿಗೆ ಜಾಗವಿಲ್ಲದಂತಾಯಿತು. ಒಬ್ಬ ಬಂದು, ನನ್ನ ಮಗನಿಗೆ ಕೆಲಸ ಎಂದಿದ್ದಿರಲ್ಲ ಎಂದ. ಒಬ್ಬಾಕೆ ಬಂದು, ಮನೆ ಮುಂದಿನ ಟ್ರಾನ್ಸ್‌ಫಾರ್ಮರ್ ಯಾವಾಗ ತೆಗೆಸುತ್ತೀರಿ ಎಂದಳು. ಮೇಷ್ಟ್ರು ಕೊಡೆ ಹಿಡಿದು ಬಂದರು. ಟೈರ್ ಅಂಗಡಿಯವನು ನಗುತ್ತಾ ಬಂದ, ಮೇಷ್ಟ್ರನ್ನು ಕಂಡು ನಗು ನಿಲ್ಲಿಸಿದ. ತಮ್ಮ ಎಲ್ಲರಿಗೂ ಹೂಂ ಎನ್ನುತ್ತಾ, ಮುಖ ಒರೆಸಿಕೊಳ್ಳುತ್ತಾ ನಿಂತಿದ್ದ. ಎರಡು ದಿನ ಕಳೆದು ಅಕ್ಕನಿಗೆ ಹೇಳಿ ಕಳಿಸಿದ.

“ನಿನಗೆ ಎಲ್ಲರೂ ಗೊತ್ತು. ಮಧ್ಯಾಹ್ನ ಸ್ವಲ್ಪ ಬಂದು ಕೂತ್ಕೋ ಅಕ್ಕ. ಯಾರಿಗೆ ಏನು ಬೇಕು ಕೇಳಿ ಬರ್ಕೋ. ನಂಗೆ ತಲೆನೇ ಓಡ್ತಿಲ್ಲ.”

ಅಂಗಡಿಯ ಮೇಲಿನ ಕೋಣೆಯಲ್ಲಿ ಪ್ರಚಾರ ನಡೆದಿತ್ತು. ಎರಡು ಮೇಜು, ಒಂದು ಕಂಪ್ಯೂಟರು, ಮೂಲೆಯಲ್ಲಿ ಉಳಿದ ಕರಪತ್ರಗಳ ಕಟ್ಟು. ಪ್ರಚಾರ ನಡೆಸಿದ ಮೇನೇಜರ್ ಇನ್ನೊಂದು ಊರಿನ ಚುನಾವಣೆಗೆ ಹೊರಟುಹೋಗಿದ್ದ. ಮೊದಲ ದಿನ ಇಪ್ಪತ್ತು ಜನರ ದೂರು ಬರೆದುಕೊಂಡ ಮೇಲೆ ಅವಳಿಗೆ ಸಿಟ್ಟು ಬಂತು.

“ಅಲ್ವೋ, ಒಬ್ಬೊಬ್ಬರಿಗೆ ಒಂದೊಂದು ಹೇಳಿದ್ದೀಯಲ್ಲ. ಹೇಳೋವಾಗ ಒಂಚೂರು ಯೋಚನೆ ಬೇಡ್ವಾ?”

“ನಾನೆಲ್ಲಿ ಹೇಳ್ದೆ?”

“ಫೋನಲ್ಲಿ.”

“ವಾರ್ಡಲ್ಲಿ ಆರು ಸಾವಿರ ಓಟಿದೆ ಅಕ್ಕ. ಅಷ್ಟೂ ಜನಕ್ಕೆ ನಾನು ಫೋನ್ ಮಾಡೋಕಾಗುತ್ತಾ? ಅದು ಕಂಪ್ಯೂಟರು. ಮೇನೇಜರ್ ಎರಡು ಗಂಟೆ ನನ್ನನ್ನ ಕೂರಿಸಿ ಪೇಪರ್ ಓದಿಸಿದ. ಆಮೇಲೆ ನಿಮ್ಮ ಧ್ವನಿಯಲ್ಲಿ ಅದೇ ಮಾತಾಡುತ್ತೆ ಅಂದ. ಓಟು ಹಾಕಿ ಅಂತ ಹೇಳುತ್ತೆ ಅಂದ್ಕೊಂಡಿದ್ದೆ. ಹೀಗೆ ಕೂತು ಊರೆಲ್ಲ ಸುಖ ದುಃಖ ಮಾತಾಡುತ್ತೆ ಅಂತ ನನಗೇನು ಗೊತ್ತು?”

ಕೆಳಗಿನಿಂದ ಯಾರೋ ಕರೆದರು. ತಮ್ಮ ಇಳಿದು ಹೋದ.

ಅವಳು ಕಂಪ್ಯೂಟರಿನ ಕಡೆ ತಿರುಗಿದಳು. ಲ್ಯಾಬಿನಲ್ಲಿ ರಿಪೋರ್ಟ್ ಹುಡುಕಿ ಅಭ್ಯಾಸವಿದ್ದವಳು, ಕಷ್ಟವಾಗಲಿಲ್ಲ. ಕರೆಗಳೆಲ್ಲ ಫೋನ್ ನಂಬರಿನ ಕೆಳಗೆ ಜೋಡಿಸಿದ್ದವು. ಮಾತಾಡಿದ್ದೂ ಇತ್ತು, ಅದನ್ನೇ ಬರಹಕ್ಕಿಳಿಸಿದ್ದೂ ಇತ್ತು. ತನ್ನ ನಂಬರು ಒತ್ತಿದಳು.

‘ಮಹಿಳೆ. ವಯಸ್ಸು 54. ಸಂಬೋಧನೆ: ಅಕ್ಕ. ಮತದಾರರ ಕೋರಿಕೆಯಂತೆ ಏಕವಚನ. ದೂರಿನ ವಿಭಾಗ: ಆರೋಗ್ಯ ಸೇವೆ. ಕರೆಗೆ ಮುಂಚಿನ ಒಲವು: ಎದುರಾಳಿ. ಕರೆಯ ನಂತರ: ನಮ್ಮ ಕಡೆ. ಇತರರ ಮೇಲೆ ಪ್ರಭಾವ ಬೀರುವ ಸಾಧ್ಯತೆ: ಹೆಚ್ಚು.’

ಕೆಳಗೆ ಅವಳು ಆಡಿದ್ದೆಲ್ಲ ಇತ್ತು. ಹಾಸಿಗೆ ಬದಲಿಸಿದ್ದು, ಬಾಗಿಲು ಹಾಕಿಕೊಂಡು ಹೋಗಿದ್ದು. ಅವಳು ಮಾತು ನಿಲ್ಲಿಸಿ ಮೂಗು ಒರೆಸಿಕೊಂಡ ಕಡೆ ‘ವಿರಾಮ, ಏಳು ಸೆಕೆಂಡು’ ಎಂದಿತ್ತು.

ಪೂರ್ತಿ ಓದಿದಳು. ಮೇನೇಜರಿನ ನಂಬರು ಗೋಡೆಗೆ ಅಂಟಿಸಿತ್ತು, ಫೋನ್ ಮಾಡಿದಳು.

“ಒಂದು ವಿಷಯ ಕೇಳ್ಬೇಕಿತ್ತು. ಆ ಯಂತ್ರಕ್ಕೆ ನಾನು ಅಕ್ಕ ಅಂತ ಹೇಗೆ ಗೊತ್ತಾಯ್ತು?”

ಮೇನೇಜರಿಗೆ ಯಾರು ಎಂದು ತಿಳಿಯಲಿಲ್ಲ. ಅವನ ಹಿಂದೆ ಧ್ವನಿವರ್ಧಕದ ಸದ್ದು ಕೇಳುತ್ತಿತ್ತು. “ನಲವತ್ತೆಂಟರಿಂದ ಅರವತ್ತೈದರವರೆಗಿನ ಹೆಂಗಸರಿಗೆಲ್ಲ ಅಕ್ಕ ಅಂತ ಇಟ್ಟಿದ್ವಿ ಮೇಡಂ. ಅದಕ್ಕಿಂತ ಮೇಲಿದ್ರೆ ಅಮ್ಮ. ಕೆಳಗಿದ್ರೆ ತಂಗಿ. ಏನಾದ್ರೂ ದೂರು ಬಂತಾ?”

“ಅದು ಕ್ಷಮೆ ಕೇಳಿತಲ್ಲ?”

“ಹಳೇ ಬೇಸರ ಇರೋರ ಹತ್ರ ಮೊದಲು ಕ್ಷಮೆ ಕೇಳು, ಏನಕ್ಕೆ ಅನ್ನೋದು ಅವರ ಬಾಯಿಂದಲೇ ಬರುತ್ತೆ ಅಂತ ಹೇಳಿಕೊಟ್ಟಿದ್ವಿ. ತುಂಬಾ ಚೆನ್ನಾಗಿ ಕೆಲಸ ಮಾಡ್ತು ಅದು” ಎಂದ ಮೇನೇಜರ್. ಹೇಳುವಾಗ ಅವನಿಗೆ ನಿಜವಾಗಿಯೂ ಹೆಮ್ಮೆಯಿತ್ತು.

ಮನೆಗೆ ಹೋಗಿ ಗಂಡನಿಗೆ ಹೇಳಿದಾಗ, ತಾನು ಆವತ್ತೇ ಹೇಳಿದ್ದೆ ಎಂದು ಅವನು ಎತ್ತಿ ಆಡಲಿಲ್ಲ. ಅವಳ ತಟ್ಟೆಗೆ ಅನ್ನ ಬಡಿಸಿ, “ಉಣ್ಣು” ಎಂದ.

ನಾಲ್ಕು ದಿನ ಅವಳು ತಮ್ಮನ ಅಂಗಡಿ ಕಡೆ ಹೋಗಲಿಲ್ಲ. ರಕ್ತ ತೆಗೆಯುವುದರಲ್ಲಿ ಮಾತ್ರ ತಪ್ಪಲಿಲ್ಲ. ಐದನೆಯ ದಿನ ಆ ಕರೆಯ ಕಾಗದಗಳನ್ನು ಮುದ್ರಿಸಿ, ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ನೋಡಿ, ತಮ್ಮನ ಕೈಗೆ ಕೊಟ್ಟಳು. ಅವನು ಡಬ್ಬಗಳ ಸಾಲಿನ ನಡುವೆ ನಿಂತುಕೊಂಡೇ ಓದಿದ. ನಿಧಾನವಾಗಿ ಓದುವವನು. ಮೂರು ಹಾಳೆಗೆ ಬಹಳ ಹೊತ್ತು ಹಿಡಿಯಿತು.

“ನಾನು ಹೀಗೆ ಅಂದಿದ್ನಾ?” ಎಂದ ಕೊನೆಗೆ. “ಆವತ್ತು, ಅಷ್ಟು ಜನರ ಮುಂದೆ?”

“ಅಂದಿದ್ದೆ.”

“ನೆನಪಿಲ್ಲ ಅಕ್ಕ.”

ಅವಳಿಗೆ ಯಂತ್ರ ಮಾಡಿದ ಮೋಸಕ್ಕಿಂತ ಇದರಿಂದ ಹೆಚ್ಚು ನೋವಾಯಿತು. ಏಳು ವರ್ಷ ತಾನು ಹೊತ್ತು ತಿರುಗಿದ ಮಾತು ಆಡಿದವನ ತಲೆಯಲ್ಲಿ ಇರಲೇ ಇಲ್ಲ.

“ಮತ್ತೆ ಏಳು ವರ್ಷ ನಾನು ಯಾಕೆ ಮಾತಾಡಿಸ್ಲಿಲ್ಲ ಅಂದ್ಕೊಂಡಿದ್ದೆ?”

“ಅಮ್ಮನ್ನ ನಾನು ನೋಡ್ಕೊಳ್ಳಲಿಲ್ಲ ಅಂತ.” ಅವನು ಹಾಳೆಗಳನ್ನು ಮಡಚಿದ, ಬಿಡಿಸಿದ. “ಆವತ್ತು ನೀನು ಅಂಗಡಿಗೆ ಬಂದ್ಯಲ್ಲ. ನೀನಾಗೇ ಬಂದೆ ಅಂತ ತಿಳ್ಕೊಂಡಿದ್ದೆ ನಾನು. ಮನೆಗೆ ಹೋಗಿ ಇವಳಿಗೂ ಹೇಳ್ದೆ, ಅಕ್ಕ ತಾನಾಗೇ ಬಂದಳು ಅಂತ.”

ಕೊನೆಯ ಹಾಳೆಯನ್ನು ಇನ್ನೊಮ್ಮೆ ಓದಿದ. ಆಮೇಲೆ ಅವನೇ ಹೇಳಿದ: “ಇದರಲ್ಲಿರೋದು ಸರಿಯಾಗೇ ಇದೆ ಅಕ್ಕ. ನಂಗೆ ಇಷ್ಟು ಚೆನ್ನಾಗಿ ಹೇಳೋಕೆ ಬರ್ತಿರಲಿಲ್ಲ. ನಾನೇ ಹೇಳಿದೆ ಅಂತ ಇಟ್ಕೋಬಹುದಲ್ಲ?”

“ಹಾಗಾದ್ರೆ ಹಂಪ್ ಹಾಕಿಸ್ತೀನಿ ಅಂದಿದ್ದನ್ನೂ ನೀನೇ ಹೇಳಿದೆ ಅಂತ ಇಟ್ಕೋತೀಯಾ? ಹಾಕಿಸಲ್ಲ ಅಂದಿದ್ದನ್ನೂ?”

ಅವನು ಹಾಳೆಗಳನ್ನು ಮಡಚಿ ಅವಳ ಕೈಗೆ ಕೊಟ್ಟ.

ಮಾರನೆಯ ದಿನ ಅವಳು ಹಿಂದಿನ ಓಣಿ ಬಿಟ್ಟು ನೇರ ರಸ್ತೆಯಲ್ಲೇ ನರ್ಸಿನ ಮನೆಗೆ ಹೋದಳು. ನರ್ಸು ಬಾಗಿಲು ತೆರೆದು, ಐಸ್ ಪೆಟ್ಟಿಗೆ ನೋಡಿ, “ನಾನು ರಕ್ತ ಕೊಡೋಕೆ ಹೇಳಿಲ್ವಲ್ಲ” ಎಂದರು. ಅವಳು ಒಳಗೆ ಕುಳಿತು ಮೊದಲಿನಿಂದ ಹೇಳಿದಳು. ಮಾತು ಕೊಟ್ಟೂ ಅವರಿಗೆ ಓಟು ಹಾಕಲಿಲ್ಲ ಎಂಬುದನ್ನೂ, ಇನ್ನೂ ನಲವತ್ತು ಮನೆಗಳಲ್ಲಿ ಹಾಕಬೇಡಿ ಅಂದಂತೆಯೇ ಆಯಿತು ಎಂಬುದನ್ನೂ ಬಿಡಲಿಲ್ಲ.

ನರ್ಸು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. “ಅಂಥ ಮೇನೇಜರ್ ಒಬ್ಬ ನನ್ನ ಹತ್ರಾನೂ ಬಂದಿದ್ದ, ಇಂಥ ಫೋನು ಮಾಡಿಸ್ಕೊಡ್ತೀನಿ ಅಂತ. ನನ್ನ ಧ್ವನಿ ಕೇಳಿದ್ರೆ ಇರೋ ಓಟೂ ಹೋಗುತ್ತೆ ಕಣಯ್ಯಾ ಅಂದು ಕಳಿಸ್ದೆ. ಆಸ್ಪತ್ರೆಲಿ ಮೂವತ್ತು ವರ್ಷ ರೋಗಿಗಳನ್ನ ಬೈದಿರೋ ಧ್ವನಿ ಇದು.” ನಕ್ಕರು. ನಗು ಬೇಗ ಮುಗಿಯಿತು. “ದೂರು ಕೊಡ್ಬೇಕು ಅಂತಿದ್ದೆ. ಕೈಯಲ್ಲಿ ಏನೂ ಇರಲಿಲ್ಲ. ನಂಗೆ ಫೋನ್ ಬಂತು ಅಂತ ಹೇಳೋರು ಇದ್ದಾರೆ. ಅದು ಅವನಲ್ಲ ಅಂತ ಹೇಳೋರು ಯಾರೂ ಇಲ್ಲ. ಸಹಿ ಹಾಕ್ತೀಯಾ?”

“ನನ್ನ ಕರೆ ಕೊಟ್ರೆ ಅದರಲ್ಲಿ ಅಮ್ಮನ ವಿಷಯ ಎಲ್ಲ ಇದೆ ಸಿಸ್ಟರ್.”

“ಬೇರೆಯವರದ್ದು ಕೊಟ್ರೆ ಅವರಮ್ಮನ ವಿಷಯ ಇರುತ್ತೆ.”

ಅವಳು ಒಂದು ರಾತ್ರಿ ಕಳೆದು ಸಹಿ ಹಾಕಿದಳು. ಹಾಕುವ ಮುಂಚೆ ತಮ್ಮನಿಗೆ ಹೇಳಿದಳು. ಅವನು ಸಿಟ್ಟಾಗಲಿಲ್ಲ. ಅವನ ಹೆಂಡತಿ ಆದಳು. ಒಡಹುಟ್ಟಿದವಳೇ ಹೀಗೆ ಮಾಡಬಹುದೇ ಎಂದು ಬೀದಿಗೆಲ್ಲ ಕೇಳುವ ಹಾಗೆ ಅತ್ತಳು. ತಮ್ಮ ಹೇಳಿದ್ದು ಇಷ್ಟೆ: “ಕೊಡು. ದಿನಾ ಬೆಳಗಾದ್ರೆ ನಾನಾಡದ ಮಾತಿಗೆ ಉತ್ತರ ಕೊಡೋದು ನನ್ನಿಂದಲೂ ಆಗಲ್ಲ.”

ವಿಚಾರಣೆ ಶುರುವಾಗಲು ಎಂಟು ತಿಂಗಳು ಹಿಡಿಯಿತು. ಆ ಎಂಟು ತಿಂಗಳೂ ತಮ್ಮ ಪ್ರತಿ ಭಾನುವಾರ ಬೆಳಿಗ್ಗೆ ಮನೆಮನೆಗೆ ಹೋಗಿ, ನಿಮಗೆ ಫೋನ್ ಮಾಡಿದ್ದು ನಾನಲ್ಲ ಎಂದು ಹೇಳಿ ಬಂದ. ಅಕ್ಕ ಬಾಗಿಲು ತಟ್ಟುವಳು, ಅವನು ಹೇಳುವನು. ಮಾತು ಬಾರದವನು, ಮೊದಮೊದಲು ಚೀಟಿ ನೋಡಿಕೊಂಡು ಹೇಳುತ್ತಿದ್ದ. ನಂಬಿದವರು ಕಮ್ಮಿ. “ಗೆದ್ದ ಮೇಲೆ ಎಲ್ಲರೂ ಹೀಗೇ” ಎಂದವರು ಹೆಚ್ಚು. ಟೈರ್ ಅಂಗಡಿಯವನಂತೂ, “ನನ್ನ ಕಿವಿಯಿಂದ ಕೇಳಿದ್ದೀನಿ ಸ್ವಾಮಿ, ನಿಮ್ಮದೇ ಧ್ವನಿ. ಈಗ ಯಂತ್ರದ ಮೇಲೆ ಹಾಕ್ತೀರಾ?” ಎಂದು ಜಗಳಕ್ಕೇ ನಿಂತ.

ಮೂರನೇ ಮಹಡಿಯಲ್ಲಿ ಒಬ್ಬರೇ ಇರುವ ಅಜ್ಜಿಯೊಬ್ಬರ ರಕ್ತವನ್ನು ಅವಳು ತಿಂಗಳಿಗೊಮ್ಮೆ ತೆಗೆಯುತ್ತಿದ್ದಳು. ಅಜ್ಜಿ ತಮ್ಮನ ಮಾತನ್ನು ಪೂರ್ತಿ ಕೇಳಿ, “ಅದು ನೀನಲ್ಲ ಅಂತ ನಂಗೆ ಎರಡನೇ ದಿನಕ್ಕೇ ಗೊತ್ತಾಯ್ತಪ್ಪ” ಎಂದರು. “ದಿನಾ ಫೋನ್ ಬರ್ತಿತ್ತು. ಒಂದೇ ಕಥೇನ ಮೂರು ಸಲ ಹೇಳಿದ್ರೂ ಹೌದಾ ಅಮ್ಮ, ಆಮೇಲೆ ಅಂತ ಕೇಳ್ತಿತ್ತು. ಮನುಷ್ಯರು ಎಲ್ಲಾದ್ರೂ ಹಾಗೆ ಕೇಳ್ತಾರಾ?”

“ಮತ್ತೆ ಓಟು ಯಾರಿಗೆ ಹಾಕಿದ್ರಿ ಅಜ್ಜಿ?” ಎಂದು ಅವಳು ಕೇಳಿದಳು.

“ಇವನಿಗೇ. ಅಷ್ಟು ದಿನ ಮಾತಾಡಿಸಿತ್ತು, ಹಾಕದೆ ಇದ್ರೆ ಚೆನ್ನಾಗಿರುತ್ತಾ?” ಅಜ್ಜಿ ತಮ್ಮನ ಕಡೆ ತಿರುಗಿದರು. “ಮತ್ತೆ ಯಾವಾಗ ಶುರು ಮಾಡುತ್ತೆ ಅದು?”

ಮೆಟ್ಟಿಲಿಳಿಯುವಾಗ ತಮ್ಮ ಪಕ್ಕದ ಕಂಬಿ ಹಿಡಿದು ಒಂದು ಕ್ಷಣ ನಿಂತ. ಆಮೇಲಿನ ಎರಡು ಮನೆಗಳಲ್ಲಿ ಅಕ್ಕನೇ ಮಾತಾಡಬೇಕಾಯಿತು.

ವಿಚಾರಣೆ ನಡೆದದ್ದು ಚುನಾವಣಾ ಕಚೇರಿಯ ಎರಡನೇ ಮಹಡಿಯ ಉದ್ದದ ಕೋಣೆಯಲ್ಲಿ. ಫ್ಯಾನು ತಿರುಗಿದರೆ ಕಾಗದ ಹಾರುತ್ತದೆ ಎಂದು ಫ್ಯಾನು ನಿಲ್ಲಿಸಿದ್ದರು. ಅಧಿಕಾರಿ ಐವತ್ತರ ಆಸುಪಾಸಿನ ಹೆಂಗಸು. ಪ್ರಶ್ನೆ ಚಿಕ್ಕದು, ದನಿ ಸಣ್ಣದು. ಒಂದು ಕಡೆ ನರ್ಸು, ಪಕ್ಕದಲ್ಲಿ ಅವಳು. ಎದುರು ತಮ್ಮ ಮತ್ತು ಅವನ ವಕೀಲರು. ವಕೀಲರು ಮೊದಲೇ ಅವನಿಗೆ ಹೇಳಿಕೊಟ್ಟಿದ್ದರು: ಕೇಳಿದ್ದಕ್ಕಷ್ಟೇ ಉತ್ತರ, ಹೌದು ಅಥವಾ ಇಲ್ಲ. ಈ ಕಕ್ಷಿದಾರನಿಗೆ ಅದನ್ನು ಹೇಳಿಕೊಡುವ ಅಗತ್ಯವಿರಲಿಲ್ಲ.

ಗುಮಾಸ್ತ ಕರೆಯನ್ನು ಹಾಕಿದ. ಹನ್ನೊಂದು ನಿಮಿಷ ಯಾರೂ ಅಲುಗಾಡಲಿಲ್ಲ. ತಮ್ಮ ಕಾಗದದಲ್ಲಿ ಓದಿದ್ದನೇ ಹೊರತು ಕಿವಿಯಲ್ಲಿ ಕೇಳಿರಲಿಲ್ಲ. ತನ್ನ ಧ್ವನಿ ತಪ್ಪಾಯ್ತು ಅಕ್ಕ ಎಂದಾಗ ಅವನ ಕೈ ಮೇಜಿನ ಅಂಚು ಹಿಡಿಯಿತು. ಅವಳು ಅವನನ್ನೇ ನೋಡುತ್ತಿದ್ದಳು. ತನ್ನ ಅಳು ಆ ಕೋಣೆಯಲ್ಲಿ ಕೇಳಿಸಿದಾಗಲೂ ತಲೆ ತಗ್ಗಿಸಲಿಲ್ಲ.

“ಇದು ನಿಮ್ಮ ಧ್ವನಿಯೇ?” ಅಧಿಕಾರಿ ಕೇಳಿದರು.

“ಧ್ವನಿ ನಂದು. ಮಾತು ನಂದಲ್ಲ.”

“ಈ ಕರೆ ಮಾಡಿದ್ದು ನಿಮಗೆ ಗೊತ್ತಿತ್ತೇ?”

“ಇಲ್ಲ.”

ವಕೀಲರು ಸಾಕು ಎಂಬಂತೆ ತಲೆಯಾಡಿಸಿದರು. ತಮ್ಮ ಕುಳಿತುಕೊಳ್ಳಲಿಲ್ಲ.

“ಇನ್ನೊಂದು ಬರ್ಕೊಳ್ಳಿ ಮೇಡಂ. ನಮ್ಮಕ್ಕ ಅದರಲ್ಲಿ ಹೇಳ್ತಾಳಲ್ಲ, ಅಮ್ಮ ಹೋದಾಗ ನಾನು ಹಾಗಂದೆ ಅಂತ. ಅದು ನಿಜ. ಅಂದಿದ್ದು ನಾನೇ. ಮರೆತುಹೋಗಿದೆ ಅಂತ ಅವಳಿಗೆ ಹೇಳಿದ್ದೆ. ಮರೆತಿರಲಿಲ್ಲ.”

“ಅದು ಈ ಪ್ರಕರಣಕ್ಕೆ ಸಂಬಂಧಿಸಿದ್ದಲ್ಲ” ಎಂದರು ಅಧಿಕಾರಿ.

“ಗೊತ್ತು ಮೇಡಂ. ಆದ್ರೂ ಬರ್ಕೊಳ್ಳಿ.”

ಗುಮಾಸ್ತ ಅಧಿಕಾರಿಯ ಮುಖ ನೋಡಿದ. ಅವರು ಹೂಂ ಎಂದ ಮೇಲೆ ಬರೆದುಕೊಂಡ.

ಆದೇಶ ಮೂರು ವಾರದ ನಂತರ ಬಂತು. ಯಂತ್ರದಿಂದ ಕರೆ ಮಾಡಿಸಬಾರದು ಎಂಬ ನಿಯಮ ಎಲ್ಲಿಯೂ ಇಲ್ಲದ್ದರಿಂದ ಚುನಾವಣೆ ರದ್ದಾಗುವುದಿಲ್ಲ, ಮುಂದೆ ಅಂಥ ಕರೆಗಳು ತಾವು ಯಂತ್ರ ಎಂದು ಮೊದಲೇ ಹೇಳಬೇಕು ಎಂದಿತ್ತು. ತಮ್ಮ ಉಳಿದ ಅವಧಿ ಸದಸ್ಯನಾಗಿಯೇ ಇದ್ದ. ನರ್ಸು ಮೇಲಿನವರಿಗೆ ಅರ್ಜಿ ಹಾಕಿದರು.

ಆದರೆ ಅಂದು ವಿಚಾರಣೆ ಮುಗಿದಾಗ ಇದು ಯಾವುದೂ ಯಾರಿಗೂ ಗೊತ್ತಿರಲಿಲ್ಲ. ನರ್ಸು ಬಸ್ಸು ಹಿಡಿದರು. ವಕೀಲರು ಮುಖ ಗಂಟಿಕ್ಕಿಕೊಂಡು ಹೋದರು. ಅಕ್ಕ ತಮ್ಮ ಕಚೇರಿಯ ಗೇಟಿನ ಹತ್ತಿರ ಉಳಿದರು.

“ನಡ್ಕೊಂಡು ಹೋಗೋಣ್ವಾ?” ಎಂದ ಅವನು.

ಬಿಸಿಲಿತ್ತು. ಅಂಗಡಿಗಳ ನೆರಳು ಬಿದ್ದ ಕಡೆ ನೋಡಿಕೊಂಡು ನಡೆದರು. ಎರಡು ಬೀದಿ ದಾಟಿದ ಮೇಲೆ ಅವನು ಕೇಳಿದ:

“ಅಕ್ಕ, ಅಮ್ಮನ ರಿಪೋರ್ಟಲ್ಲಿ ಏನಿತ್ತು?”

ಈ ಪ್ರಶ್ನೆಯನ್ನು ಅವನು ಅವಳನ್ನು ಕೇಳಿರಲೇ ಇಲ್ಲ. ಫೋನಿನಲ್ಲಿ ಮಾತಾಡಿದ ಯಂತ್ರವೂ ಕೇಳಿರಲಿಲ್ಲ. ಅವಳು ರಿಪೋರ್ಟ್ ಓದುವ ದನಿಯಲ್ಲೇ ಹೇಳಿದಳು. ಯಾವ ತಿಂಗಳು ಎಷ್ಟಿತ್ತು, ಯಾವಾಗ ಏರಿತು, ಡಾಕ್ಟರು ಡಯಾಲಿಸಿಸ್ ಎಂದದ್ದು ಯಾವಾಗ. ಅಮ್ಮ ಬೇಡವೇ ಬೇಡ ಎಂದರು. ವಾರಕ್ಕೆ ಮೂರು ದಿನ ಆ ಯಂತ್ರಕ್ಕೆ ಕಟ್ಟಿಹಾಕಿಸಿಕೊಂಡು ಮಲಗುವುದಿಲ್ಲ ಎಂದರು. ಅವನಿಗೆ ಹೇಳಬೇಡ, ಹೇಳಿದರೆ ಅಂಗಡಿ ಮುಚ್ಚಿ ಬಂದು ಕೂರುತ್ತಾನೆ, ನನ್ನ ಮೇಲೆ ಆಣೆ ಎಂದರು.

“ನಂಗೊಂದು ಮಾತು ಹೇಳಬಹುದಿತ್ತು ನೀನು.”

“ಹೇಳಬಹುದಿತ್ತು.”

“ಯಾಕೆ ಹೇಳಲಿಲ್ಲ? ಆಣೆಗಾ?”

ಅವಳು ಯೋಚಿಸಿದಳು. ಐಸ್ ಪೆಟ್ಟಿಗೆಯಿಲ್ಲದ ಹೆಗಲು ಹಗುರವೆನಿಸಿ ಅಭ್ಯಾಸ ತಪ್ಪಿದಂತಿತ್ತು.

“ಆಣೆಗೂ ಹೌದು” ಎಂದಳು. “ನಾನೊಬ್ಬಳೇ ನೋಡ್ಕೊಂಡೆ ಅನ್ನಿಸ್ಕೊಳ್ಳೋಕೂ ಇರಬಹುದು. ಸರಿಯಾಗಿ ಗೊತ್ತಿಲ್ಲ ಕಣೋ.”

ಅವನು ತಲೆಯಾಡಿಸಿದ. ಸರ್ಕಲ್ಲಿನ ಹತ್ತಿರ ಇಬ್ಬರ ದಾರಿಯೂ ಬೇರೆಯಾಗುತ್ತಿತ್ತು. ಅಲ್ಲಿ ನಿಂತು ಅವನು ಇನ್ನೂ ಎರಡು ಪ್ರಶ್ನೆ ಕೇಳಿದ, ಅಮ್ಮನ ಕೊನೆಯ ವಾರದ ಬಗ್ಗೆ. ಒಂದಕ್ಕೆ ಅವಳು ಉತ್ತರ ಹೇಳಿದಳು. ಇನ್ನೊಂದಕ್ಕೆ, ಆ ಹೊತ್ತಿನಲ್ಲಿ ತಾನು ಕೆಲಸದ ಮೇಲೆ ಹೋಗಿದ್ದೆ, ತನಗೂ ಗೊತ್ತಿಲ್ಲ ಎಂದಳು.